ಕಡಲು ದಾಟಿ ಬಂದ ನಿಘಂಟುಕಾರ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮೇಜಿನ ಎದುರಿಗೇ ಗಣಿತದ ಅಧ್ಯಾಪಕರ ಮೇಜು. ಹದಿನೈದು ವರ್ಷಗಳಿಂದ ನಾವಿಬ್ಬರೂ ಎದುರುಬದುರು ಕುಳಿತವರು. ಅವರ ಮಗ ನನ್ನ ಶಿಷ್ಯನೂ ಹೌದು. ಪದವಿ ತರಗತಿಯಲ್ಲಿ ಎರಡು ವರ್ಷ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡವನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಆ ಹುಡುಗನಿಗೆ ಕಳೆದ ಆಷಾಢದಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕನಾಗಿ ದುಡಿಯುವ ಅವಕಾಶ ದೊರೆಯಿತು. ಊರಿಗೆಲ್ಲ ಸಂತೋಷ. ತಂದೆಗೆ ಮಾತ್ರ ಅಷ್ಟು ಸಂತೋಷವಾದಂತೆ ಕಾಣಲಿಲ್ಲ.

“ಮೇವು ಹಾಕಿ ಸಾಕಿದವರು ನಾವು ಮೇಷ್ಟ್ರೆ, ಹಾಲು ಕರೆದುಕೊಳ್ಳುವವರು ಅವರು” ಎಂದರು ನನ್ನ ಮಿತ್ರರು. “ಓದಿದವರೆಲ್ಲ ಹೀಗೆ ಕಡಲು ದಾಟಿದರೆ ಈ ನೆಲಕ್ಕೆ ಉಳಿದದ್ದೇನು?”

ಹುಡುಗ ಹೊರಡುವ ಮೊದಲು ನಮ್ಮ ಮನೆಗೆ ಬಂದು ನಮಸ್ಕಾರ ಮಾಡಿದ. ನನ್ನಾಕೆ ಕೊಟ್ಟ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, “ಸಾರ್, ನಾನು ಹೋಗುತ್ತಿರುವುದು ತಪ್ಪೇ?” ಎಂದು ಕೇಳಿದ. ಅವನ ಪ್ರಶ್ನೆಗೆ ಆಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. “ಹೋಗಿ ಬಾಪ್ಪ, ಒಳ್ಳೆಯದಾಗಲಿ” ಎಂದು ಹರಸಿ ಕಳುಹಿಸಿದೆ. ಅವನು ಹೋದ ಮೇಲೆ ಏನನ್ನೋ ಹುಡುಕಲು ಮೇಜಿನ ಬಳಿ ಹೋದಾಗ ಕಣ್ಣಿಗೆ ಬಿದ್ದುದು ದಿನವೂ ನಾನು ಬಿಡಿಸಿ ನೋಡುವ ದಪ್ಪ ಪುಸ್ತಕ, ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು. ಆಗ ಹೊಳೆಯಿತು: ನನ್ನ ಮಿತ್ರರು ಹೇಳಿದ ಮೇವು ಒಂದು ಕಾಲದಲ್ಲಿ ಆ ಕಡೆಯಿಂದ ಈ ಕಡೆಗೂ ಬಂದಿತ್ತು; ಆ ಹಾಲನ್ನು ನಾವು ಇಂದಿಗೂ ಕುಡಿಯುತ್ತಿದ್ದೇವೆ. ಹುಡುಗನಿಗೆ ಅಂದು ಕೊಡಲಾರದ ಉತ್ತರವನ್ನು ಆ ನಿಘಂಟುಕಾರರ ಬದುಕಿನಲ್ಲಿ ಹುಡುಕಿ ನೋಡುವುದು ಈ ಲೇಖನದ ಉದ್ದೇಶ.

ಫರ್ಡಿನಾಂಡ್ ಕಿಟ್ಟೆಲರು ಹುಟ್ಟಿದ್ದು ೧೮೩೨ನೆಯ ಇಸವಿ ಏಪ್ರಿಲ್ ೭ರಂದು, ಜರ್ಮನಿಯ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರಕ್ಕೆ ಹತ್ತಿರವಾದ ಪೂರ್ವ ಫ್ರೀಸಿಯಾ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಇಂದಿನ ಒಗ್ಗೂಡಿದ ಜರ್ಮನಿ ಆಗಿನ್ನೂ ಇರಲಿಲ್ಲ. ಆ ಸೀಮೆ ಹಾನೋವರ್ ರಾಜ್ಯಕ್ಕೆ ಸೇರಿತ್ತು. ಹಾನೋವರಿಗೂ ಇಂಗ್ಲೆಂಡಿಗೂ ಆಗ ಒಬ್ಬನೇ ದೊರೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಕಿಟ್ಟೆಲರು ಹುಟ್ಟಿದ ಆ ೧೮೩೨ರಲ್ಲಿಯೇ ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾಯಿತು. ಆ ಪುಸ್ತಕವನ್ನು ಹಿಂದಿಕ್ಕುವ ಶಿಶು ಅದೇ ವರ್ಷ ಸಾವಿರಾರು ಮೈಲಿ ಆಚೆ ತೊಟ್ಟಿಲಲ್ಲಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಆರಂಭವಾದ ಮಿಷನ್ ಸಂಸ್ಥೆ ೧೮೩೪ರಲ್ಲಿ ಮಂಗಳೂರಿಗೆ ತನ್ನ ಮೊದಲ ಪಾದ್ರಿಗಳನ್ನು ಕಳುಹಿಸಿತ್ತು. ಕಿಟ್ಟೆಲರು ೧೮೫೦ರಲ್ಲಿ ಆ ಸಂಸ್ಥೆಯ ವಿದ್ಯಾಲಯವನ್ನು ಸೇರಿದರು. ೧೮೫೩ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಡಗು ಹತ್ತಿ ನಮ್ಮ ನಾಡಿಗೆ ಬಂದರು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅವರು ಹೊರಟಾಗ ಅದಿನ್ನೂ ಕನಸು. ಮನೆಗೆ ಬರೆದ ಕಾಗದ ತಲುಪಿ ಅದರ ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿದ್ದ ಕಾಲ ಅದು. ಇಂದು ಹುಡುಗರು ವಿಮಾನದಿಂದ ಇಳಿಯುತ್ತಲೇ ತಾಯಿಗೆ ಮುಖ ತೋರಿಸಿ ಮಾತನಾಡುತ್ತಾರೆ. ಅಂದು ಹಡಗು ಹತ್ತುವವನನ್ನು ಬೀಳ್ಕೊಟ್ಟವರು ಮತ್ತೆ ಕಾಣುವ ಭರವಸೆಯನ್ನು ದೇವರಿಗೇ ಬಿಡಬೇಕಾಗಿತ್ತು.

ಅವರು ಬಂದಿಳಿದ ಕನ್ನಡ ನಾಡು ಒಂದು ನಾಡಾಗಿಯೇ ಇರಲಿಲ್ಲ. ಮಂಗಳೂರು ಮದರಾಸು ಪ್ರಾಂತಕ್ಕೆ, ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಮೈಸೂರು ೧೮೩೧ರಿಂದ ಕಮಿಷನರರ ಆಡಳಿತದಲ್ಲಿತ್ತು. ಕೊಡಗು ೧೮೩೪ರಲ್ಲಿ ಕಂಪನಿಯ ಕೈಸೇರಿತ್ತು. ಈಶಾನ್ಯದ ಜಿಲ್ಲೆಗಳು ನಿಜಾಮನವು. ಧಾರವಾಡದ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ತಮ್ಮ ಮಾತು ಒಂದೇ ಎಂಬುದು ಜನರಿಗೆ ತಿಳಿದಿದ್ದರೂ ಆ ಒಂದು ಮಾತಿನ ಹರಹು ಎಷ್ಟೆಂದು ತೋರಿಸುವ ಪುಸ್ತಕ ಯಾರ ಕೈಯಲ್ಲಿಯೂ ಇರಲಿಲ್ಲ.

ಕಿಟ್ಟೆಲರಿಗೆ ಮುಂಚೆ ಬಂದ ಅವರ ನಾಡಿನವರು ದಾರಿಯನ್ನು ಸ್ವಲ್ಪ ಸವೆಸಿದ್ದರೆಂಬುದನ್ನು ಮರೆಯಲಾಗದು. ೧೮೩೬ರಲ್ಲಿ ಬಂದ ಹರ್ಮನ್ ಮೊಗ್ಲಿಂಗರು ೧೮೪೩ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲ ವೃತ್ತಪತ್ರಿಕೆಯ ಸಂಪಾದಕರೆನಿಸಿದರು. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಗಾಟ್‌ಫ್ರೀಡ್ ವೈಗಲ್ ಎಂಬ ಇನ್ನೊಬ್ಬ ವಿದ್ವಾಂಸರು ೧೮೫೫ರಲ್ಲಿ ತೀರಿಕೊಂಡರು. ಮೊಗ್ಲಿಂಗರು ೧೮೬೦ರಲ್ಲಿ ಸ್ವದೇಶಕ್ಕೆ ಮರಳಿದರು. ಉಳಿದ ಕೆಲಸದ ಭಾರ ಕಿಟ್ಟೆಲರ ಹೆಗಲಿಗೆ ಬಂತು.

ಆದರೆ ಅವರು ಸಂಶೋಧನೆಗೆಂದು ಬಂದವರಲ್ಲ, ಮತಪ್ರಚಾರಕ್ಕೆಂದು ಬಂದವರು. ಇದನ್ನು ಮರೆಮಾಚಿ ಅವರನ್ನು ಹೊಗಳುವುದು ಇತಿಹಾಸಕ್ಕೂ ಅವರಿಗೂ ಮಾಡುವ ಅನ್ಯಾಯ. ೧೮೬೨ರಲ್ಲಿ ಅವರು ರಚಿಸಿದ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಕಾವ್ಯ. ತಮ್ಮ ಮತವನ್ನು ಈ ಜನಕ್ಕೆ ಮುಟ್ಟಿಸಬೇಕಾದರೆ ಈ ಜನದ ಮಟ್ಟುಗಳಲ್ಲಿಯೇ ಹಾಡಬೇಕೆಂಬುದು ಅವರ ಎಣಿಕೆ. ಕನ್ನಡಿಗರೊಡನೆ ಕನ್ನಡಿಗನಾಗಿ ಬಾಳಬೇಕೆಂಬ ಹಂಬಲದಿಂದ ಹಳ್ಳಿಗಳನ್ನು ಸುತ್ತಿದರು. ಜನರ ನಡೆನುಡಿಗಳನ್ನು ಕಲಿತರು. ಜೊತೆಯ ಪಾದ್ರಿಗಳಿಗೆ ಈ ರೀತಿ ಹಿಡಿಸಲಿಲ್ಲ. ಪ್ರಚಾರಕ್ಕೆ ಬಂದವನು ಓಲೆಗರಿಗಳ ಮುಂದೆ ಕುಳಿತು ಕಾಲ ಕಳೆಯುವುದೇತಕ್ಕೆ ಎಂಬ ಗೊಣಗಾಟ ಸಂಸ್ಥೆಯೊಳಗೇ ಇತ್ತು. ಅವರನ್ನು ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಹಾಕಿದರು. ಆಮೇಲೆ ದೂರದ ಮಡಿಕೇರಿಗೆ ಕಳುಹಿಸಿದರು. ಆಳುವ ಇಂಗ್ಲಿಷರಿಗೆ ಅವರು ಪರಕೀಯ. ಇಲ್ಲಿಯ ಜನಕ್ಕೆ ಬಿಳಿಯ ಪಾದ್ರಿ. ಜೊತೆಯವರಿಗೆ ಒಬ್ಬ ವಿಚಿತ್ರ ಮನುಷ್ಯ. ಪರನಾಡಿನಲ್ಲಿ ಬದುಕುವವನ ಒಂಟಿತನ ಇದಕ್ಕಿಂತ ಹೆಚ್ಚಾಗಿ ಹೇಗಿದ್ದೀತು?

ಮೂಲೆಗೆ ತಳ್ಳಿದ ಕಡೆಯಲ್ಲಿಯೇ ಅವರು ಬೆಳೆದರು. ಅಚ್ಚುಕೂಟ ಅವರಿಗೆ ಕನ್ನಡ ಅಕ್ಷರಗಳ ಸಹವಾಸವನ್ನು ಕೊಟ್ಟಿತು. ಮಡಿಕೇರಿಯ ಏಕಾಂತ ಹಳಗನ್ನಡ ಗ್ರಂಥಗಳ ಸಹವಾಸವನ್ನು ಕೊಟ್ಟಿತು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಹೊರತಂದರು. ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಬೆಳಕಿಗೆ ಬಂತು. ಅದರ ಮೊದಲಿಗೆ ಕನ್ನಡ ಸಾಹಿತ್ಯವನ್ನು ಕುರಿತು ಅವರ ದೀರ್ಘ ಪ್ರಬಂಧವೂ ಇದೆ. ನಮ್ಮ ಕವಿಗಳ ಕಾಲವನ್ನು ಕ್ರಮವಾಗಿ ಗೊತ್ತುಮಾಡಲು ಹೊರಟ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಇವೆರಡೂ ಮತಪ್ರಚಾರಕ್ಕೆ ಉಪಯೋಗಕ್ಕೆ ಬರುವ ಪುಸ್ತಕಗಳಲ್ಲ. ಒಂದು ವ್ಯಾಕರಣ, ಇನ್ನೊಂದು ಛಂದಸ್ಸು. ಎರಡನ್ನೂ ಬರೆದವರು ಜೈನರು. ಆ ಹೊತ್ತಿಗೆ ಕಿಟ್ಟೆಲರನ್ನು ಎಳೆಯುತ್ತಿದ್ದುದು ವಿದ್ಯೆಯ ಸೆಳೆತವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಅದೇ ೧೮೭೨ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಅವರದೊಂದು ಲೇಖನ ಬಂತು. ಸಂಸ್ಕೃತ ನಿಘಂಟುಗಳಲ್ಲಿರುವ ದ್ರಾವಿಡ ಅಂಶ ಅದರ ವಿಷಯ. ಸಂಸ್ಕೃತದಿಂದ ಕನ್ನಡಕ್ಕೆ ಶಬ್ದಗಳು ಬಂದಿವೆ ಎಂಬುದನ್ನು ನಮ್ಮ ಹಳೆಯ ವಿದ್ವಾಂಸರೆಲ್ಲ ಬಲ್ಲರು. ತತ್ಸಮ ತದ್ಭವಗಳ ವಿಚಾರ ಕೇಶಿರಾಜನಲ್ಲಿಯೇ ಇದೆ. ಆದರೆ ಹೊಳೆ ಹಿಂದಕ್ಕೂ ಹರಿದಿರಬಹುದು, ದ್ರಾವಿಡ ನುಡಿಗಳೂ ಸಂಸ್ಕೃತಕ್ಕೆ ಸಾಲ ಕೊಟ್ಟಿರಬಹುದು ಎಂಬ ಮಾತನ್ನು ಕಾಲ್ಡ್‌ವೆಲ್ಲರು ೧೮೫೬ರಲ್ಲಿ, ಬಾಸೆಲ್ ಮಿಷನ್ನಿನವರೇ ಆದ ಮಲಯಾಳ ನಿಘಂಟುಕಾರ ಗುಂಡರ್ಟರು ೧೮೬೯ರಲ್ಲಿ ಎತ್ತಿದ್ದರು. ಕಿಟ್ಟೆಲರು ಅದನ್ನು ಕನ್ನಡದ ಕಡೆಯಿಂದ ಮುಂದುವರಿಸಿದರು. ‘ನೀರ’, ‘ಮೀನ’ ಮುಂತಾದ ಸಂಸ್ಕೃತ ಶಬ್ದಗಳು ದ್ರಾವಿಡ ಮೂಲದವೆಂಬುದನ್ನು ಇಂದಿನ ಭಾಷಾವಿಜ್ಞಾನಿಗಳಲ್ಲಿ ಅನೇಕರು ಒಪ್ಪುತ್ತಾರೆ. ಕಿಟ್ಟೆಲರ ಪಟ್ಟಿಯ ಎಲ್ಲ ಶಬ್ದಗಳೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನಿಲ್ಲದಿದ್ದರೂ ಕೇಳಿದ ಪ್ರಶ್ನೆ ನಿಂತಿತು. ಈ ಪ್ರಶ್ನೆಯನ್ನು ನಮ್ಮವರಿಗಿಂತ ಮೊದಲು ಹೊರಗಿನವರು ಕೇಳಿದ್ದೇಕೆ? ಸಂಸ್ಕೃತದ ಹಿರಿತನ ನಮಗೆ ಹುಟ್ಟಿನಿಂದ ಬಂದ ನಂಬಿಕೆ. ನಂಬಿದ್ದನ್ನು ಪ್ರಶ್ನಿಸುವುದು ಕಷ್ಟ. ಅವರಿಗೆ ಎರಡೂ ಭಾಷೆಗಳು ಸಮಾನವಾಗಿ ಹೊಸವು. ಪರದೇಶದ ಸಂಶೋಧಕನಿಗೆ ಇರುವ ಒಂದು ದೊಡ್ಡ ಅನುಕೂಲ ಇದು. ಅವನಿಗೆ ಏನೂ ಗೊತ್ತಿಲ್ಲವಾದ್ದರಿಂದ ಎಲ್ಲವನ್ನೂ ಕೇಳಬೇಕಾಗುತ್ತದೆ.

ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಉಂಟು. ಕಿಟ್ಟೆಲರು ೧೮೬೦ರಲ್ಲಿ ಪೌಲೀನೆ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷ, ೧೮೬೪ರಲ್ಲಿ ಆಕೆ ತೀರಿಕೊಂಡರು. ೧೮೬೭ರಲ್ಲಿ ಆಕೆಯ ಸಹೋದರಿ ಯೂಲಿಯವರನ್ನು ಕೈಹಿಡಿದು ಮತ್ತೆ ಸಂಸಾರ ಹೂಡಿದರು. ಆ ಮಿಷನ್ನಿನ ಪಾದ್ರಿಗಳ ಮಕ್ಕಳನ್ನು ಐದಾರು ವರ್ಷ ತುಂಬುತ್ತಿದ್ದ ಹಾಗೆಯೇ ಓದಿಗೆಂದು ಯೂರೋಪಿಗೆ ಕಳುಹಿಸುವ ವಾಡಿಕೆಯಿತ್ತು. ಹಡಗಿನ ಕಟ್ಟೆಯಲ್ಲಿ ಬೀಳ್ಕೊಟ್ಟ ಮಗುವನ್ನು ಮತ್ತೆ ಕಾಣುವ ಹೊತ್ತಿಗೆ ಅದು ತಂದೆತಾಯಿಗಳ ಗುರುತೇ ಹತ್ತದಷ್ಟು ಬೆಳೆದಿರುತ್ತಿತ್ತು. ಮಂಗಳೂರಿನ ಹಳೆಯ ಕ್ರೈಸ್ತ ಸ್ಮಶಾನದಲ್ಲಿ ಒಮ್ಮೆ ಅಡ್ಡಾಡಿದ್ದೆ. ಜರ್ಮನ್ ಹೆಸರುಗಳ ಕೆಳಗೆ ಕೆತ್ತಿದ ವಯಸ್ಸುಗಳನ್ನು ಓದುತ್ತ ಹೋದಂತೆ ಎಳೆಯರ ಸಂಖ್ಯೆಯೇ ಹೆಚ್ಚೆನಿಸಿ ಹೊರಗೆ ಬಂದುಬಿಟ್ಟೆ. ನಿಘಂಟನ್ನು ಬಿಡಿಸುವಾಗ ನಾವು ಈ ಲೆಕ್ಕವನ್ನು ನೆನೆಯುವುದಿಲ್ಲ.

೧೮೭೭ರಲ್ಲಿ ಕಿಟ್ಟೆಲರು ಜರ್ಮನಿಗೆ ಮರಳಿದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಹೊರಟ ಯುವಕ ಆಗ ನಲವತ್ತೈದರ ಗೃಹಸ್ಥ. ಅಷ್ಟಕ್ಕೇ ಅವರ ಕಥೆ ಮುಗಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಿಘಂಟಿನ ಕೆಲಸ ಅರ್ಧದಲ್ಲಿತ್ತು. ಸ್ವದೇಶದಲ್ಲಿ ಕುಳಿತು ಅದನ್ನು ಮುಗಿಸಲು ಯತ್ನಿಸಿದರು. ಆದರೆ ಪುಸ್ತಕದಲ್ಲಿಲ್ಲದ ಮಾತನ್ನು ಯಾರನ್ನು ಕೇಳುವುದು? ಕೊನೆಗೆ ೧೮೮೩ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿದರು. ಈ ಸಾರಿ ಪ್ರಚಾರಕ್ಕಲ್ಲ, ನಿಘಂಟಿಗಾಗಿ. ಇಪ್ಪತ್ತೊಂದರಲ್ಲಿ ಸಂಸ್ಥೆ ಕಳುಹಿಸಿದಲ್ಲಿಗೆ ಹೋಗುವುದು ಬೇರೆ, ಐವತ್ತೊಂದರಲ್ಲಿ ಅಲ್ಲಿಯ ಸೆಕೆ, ಜ್ವರ, ಸಾವುನೋವುಗಳೆಲ್ಲ ಗೊತ್ತಿದ್ದೂ ಹೊರಡುವುದು ಬೇರೆ. ೧೮೫೩ರಲ್ಲಿ ಬಂದವರು ಒಬ್ಬ ಪಾದ್ರಿ; ೧೮೮೩ರಲ್ಲಿ ಬಂದವರು ಕನ್ನಡದ ಸಂಶೋಧಕ. ಇಡೀ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟುವುದು ಈ ಎರಡನೆಯ ಪ್ರಯಾಣ. ಸುಮಾರು ಒಂಬತ್ತು ವರ್ಷ ಇಲ್ಲಿ ದುಡಿದು ೧೮೯೨ರಲ್ಲಿ, ಮೈಯ ಕಸುವೂ ಕಣ್ಣಿನ ಕಸುವೂ ಕುಗ್ಗಿದ ಮೇಲೆ, ಜರ್ಮನಿಗೆ ಹೋದವರು ಮತ್ತೆ ಕನ್ನಡ ನಾಡನ್ನು ಕಾಣಲಿಲ್ಲ.

೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ನಿಘಂಟು ಹೊರಬಿತ್ತು. ಸುಮಾರು ೭೦,೦೦೦ ಶಬ್ದಗಳು, ೧,೭೫೨ ಪುಟಗಳು. ಒಂದೊಂದು ಅಚ್ಚುಮೊಳೆಯನ್ನೂ ಕೈಯಿಂದ ಆರಿಸಿ ಜೋಡಿಸಬೇಕಾಗಿದ್ದ ದಿನಗಳಲ್ಲಿ, ಕನ್ನಡ ಅಕ್ಷರಗಳನ್ನೂ ಚುಕ್ಕೆ ಗೆರೆಗಳಿಂದ ಕೂಡಿದ ರೋಮನ್ ಅಕ್ಷರಗಳನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಇಷ್ಟು ದೊಡ್ಡ ಗ್ರಂಥವನ್ನು ಮುದ್ರಿಸಿದ ಅಚ್ಚುಕೂಟದ ಕೆಲಸಗಾರರನ್ನೂ ಇಲ್ಲಿ ನೆನೆಯಬೇಕು.

ನಿಘಂಟಿನ ಒಳಗಿನ ಏರ್ಪಾಡನ್ನು ಸ್ವಲ್ಪ ವಿವರಿಸಿದರೆ ಅದರ ಹಿರಿಮೆ ತಿಳಿದೀತು. ಒಂದೇ ರೂಪದ ಬೇರೆ ಬೇರೆ ಶಬ್ದಗಳಿಗೆ ಬೇರೆ ಬೇರೆ ಅಂಕಿಗಳನ್ನು ಕೊಟ್ಟು ಬಿಡಿಸಿದ್ದಾರೆ. ತದ್ಭವವಾದರೆ ಮೂಲ ಸಂಸ್ಕೃತ ರೂಪವನ್ನು ಹೇಳುತ್ತಾರೆ. ದೇಶ್ಯವಾದರೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಜ್ಞಾತಿ ಶಬ್ದಗಳನ್ನು ಪಕ್ಕಕ್ಕಿಡುತ್ತಾರೆ. ಅರ್ಥಕ್ಕೆ ಆಧಾರವಾಗಿ ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿ ಭಾರತ, ದಾಸರ ಪದ ಎಲ್ಲವೂ ಬರುತ್ತವೆ. ಗ್ರಂಥಗಳಲ್ಲಿ ಸಿಕ್ಕದಿದ್ದರೆ ಜನರ ಬಾಯಿಂದ ಬಂದ ಗಾದೆ ಬರುತ್ತದೆ. ಕಾವ್ಯದ ಸಾಲಿಗೂ ಹೆಂಗಸರ ಬಾಯಿನ ಗಾದೆಗೂ ಅಲ್ಲಿ ಒಂದೇ ಪಂಕ್ತಿ. ಇನ್ನೊಂದು ವಿಶೇಷ: ಈ ಮಾತು ಮೈಸೂರಿನದು, ಇದು ದಕ್ಷಿಣ ಮರಾಠಾ ಸೀಮೆಯದು, ಎಂದರೆ ಧಾರವಾಡದ ಕಡೆಯದು, ಎಂದು ಗುರುತು ಹಾಕಿದ್ದಾರೆ. ನಾಲ್ಕಾರು ಸರಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದ ಕನ್ನಡ ಆ ೧,೭೫೨ ಪುಟಗಳಲ್ಲಿ ಒಂದು ಕಡೆ ಕೂಡಿತು. ನಕ್ಷೆಯಲ್ಲಿ ಅದು ಕೂಡಿದ್ದು ೧೯೫೬ರ ನವೆಂಬರ್ ೧ರಂದು, ಅರವತ್ತೆರಡು ವರ್ಷಗಳ ತರುವಾಯ.

ನನ್ನ ಸ್ವಂತ ಅನುಭವವೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಾನು ಹಳ್ಳಿಯಿಂದ ಬಂದವನು. ಎಂ.ಎ. ಓದಲು ನಗರಕ್ಕೆ ಬಂದಾಗ ನನ್ನ ಬಾಯಿಂದ ನಮ್ಮೂರಿನ ಮಾತು ಬಿದ್ದರೆ ಜೊತೆಯವರು ನಗುತ್ತಿದ್ದರು. ಅಜ್ಜಿಯಿಂದ ಕಲಿತ ಒಕ್ಕಲುತನದ ಶಬ್ದಗಳನ್ನು ಒಂದೊಂದಾಗಿ ನುಂಗಿಕೊಂಡು ಪುಸ್ತಕದ ಭಾಷೆಯನ್ನು ಅಭ್ಯಾಸ ಮಾಡಿದೆ. ಒಂದು ಮಧ್ಯಾಹ್ನ ಪುಸ್ತಕ ಭಂಡಾರದಲ್ಲಿ ಹಳಗನ್ನಡ ಪದವೊಂದಕ್ಕಾಗಿ ಕಿಟ್ಟೆಲರ ನಿಘಂಟನ್ನು ತಿರುವುತ್ತಿದ್ದೆ. ಒನಕೆ, ಒರಳು, ಕಣಜ, ನೊಗ! ನಮ್ಮ ಹಟ್ಟಿಯ ಸಾಮಾನುಗಳೆಲ್ಲ ಒಂದೊಂದಾಗಿ ಎದ್ದು ಬಂದುವು. ಪಕ್ಕದಲ್ಲಿ ತಮಿಳು ತೆಲುಗಿನ ನೆಂಟರು. ಹಿಂದುಗಡೆ ಹಳೆಯ ಕಾವ್ಯದ ಹಿರಿಯರು. ನನ್ನ ಅಜ್ಜಿಗೆ ಓದು ಬಾರದು. ಆಕೆಯ ಮಾತಿಗೆ ಇಷ್ಟು ದೊಡ್ಡ ಕುಲಗೋತ್ರವಿದೆ ಎಂದು ನನಗೆ ತಿಳಿಸಿಕೊಟ್ಟವರು ಉತ್ತರ ಸಮುದ್ರದ ದಡದಿಂದ ಬಂದ ಒಬ್ಬ ಜರ್ಮನ್. ನಾನು ನಾಚಿಕೆಪಟ್ಟು ನುಂಗಿದ ಮಾತನ್ನು ಅವರು ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಂಡಿದ್ದರು. ಅಂದಿನಿಂದ ತರಗತಿಯಲ್ಲಿ ಹಳ್ಳಿಯ ಹುಡುಗ ತನ್ನೂರಿನ ಮಾತಾಡಿದರೆ ನಾನು ತಿದ್ದುವುದಿಲ್ಲ. ಅದರ ಅರ್ಥವನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ಹಾಗೆಂದು ಈ ನಿಘಂಟನ್ನು ಪೂಜೆಯ ಕೋಣೆಯಲ್ಲಿಡಬೇಕಾಗಿಲ್ಲ. ಅದರ ಕೊರತೆಗಳೂ ದೊಡ್ಡವೇ. ಕಿಟ್ಟೆಲರ ಗ್ರಂಥ ಅಚ್ಚಾದಾಗ ‘ಕವಿರಾಜಮಾರ್ಗ’ವೂ ‘ಪಂಪಭಾರತ’ವೂ ಇನ್ನೂ ಮುದ್ರಣಗೊಂಡಿರಲಿಲ್ಲ, ಎರಡೂ ಹೊರಬಂದುದು ೧೮೯೮ರಲ್ಲಿ, ಮೊದಲನೆಯದು ಕೆ.ಬಿ. ಪಾಠಕರಿಂದ, ಎರಡನೆಯದು ಬಿ.ಎಲ್. ರೈಸರಿಂದ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು ೧೯೨೩ರಲ್ಲಿ. ಆದಿಕವಿಯ ಕಾವ್ಯವಿಲ್ಲದೆ, ವಚನಗಳ ಬಹುಭಾಗವಿಲ್ಲದೆ ಕನ್ನಡ ನಿಘಂಟೊಂದು ಸಿದ್ಧವಾಯಿತೆಂದರೆ ಇಂದು ಆಶ್ಚರ್ಯವೆನಿಸುತ್ತದೆ. ಇದನ್ನರಿತೇ ಮದರಾಸು ವಿಶ್ವವಿದ್ಯಾನಿಲಯದ ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ, ಹಿಗ್ಗಿಸಿ, ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ೧೯೭೦ರಲ್ಲಿ ಮೊದಲ ಸಂಪುಟವನ್ನು ಕಂಡು ೧೯೯೫ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣಗೊಂಡಿತು. ಒಬ್ಬ ಮನುಷ್ಯ ಆರಂಭಿಸಿದ್ದನ್ನು ಒಂದು ವಿದ್ವತ್ಸಮೂಹ ಮುಂದುವರಿಸಿತು. ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶ ೧೯೬೧ರಲ್ಲಿ ಪ್ರಕಟವಾದಾಗ ಕನ್ನಡ ಶಬ್ದಗಳಿಗೆ ಅವರು ಮುಖ್ಯವಾಗಿ ಆತುಕೊಂಡದ್ದೂ ಕಿಟ್ಟೆಲರನ್ನೇ. ತನ್ನ ಕೆಲಸ ತಿದ್ದಿಸಿಕೊಳ್ಳುತ್ತ ಉಳಿಯುವುದಕ್ಕಿಂತ ಹೆಚ್ಚಿನ ಬಾಳಿಕೆಯನ್ನು ಸಂಶೋಧಕ ಬಯಸಲಾರ.

ಇನ್ನೊಂದು ಋಣವನ್ನು ಹೇಳದೆ ಹೋದರೆ ತಪ್ಪಾದೀತು. ಎಪ್ಪತ್ತು ಸಾವಿರ ಶಬ್ದಗಳನ್ನು ಒಬ್ಬ ಪರದೇಶದವನು ತಾನಾಗಿ ತಿಳಿಯುವುದು ಸಾಧ್ಯವಿಲ್ಲ. ತಮಗೆ ನೆರವಾದ ಇಲ್ಲಿಯ ವಿದ್ವಾಂಸರನ್ನು ಕಿಟ್ಟೆಲರೇ ಮುನ್ನುಡಿಯಲ್ಲಿ ನೆನೆದಿದ್ದಾರೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಹೇಳಿದ ಪಂಡಿತರು, ಗಾದೆಯ ಸಂದರ್ಭವನ್ನು ವಿವರಿಸಿದ ಉಪಾಧ್ಯಾಯರು, ‘ಇದಕ್ಕೆ ಏನೆನ್ನುತ್ತೀರಿ?’ ಎಂದಾಗ ನಕ್ಕು ಉತ್ತರ ಕೊಟ್ಟ ರೈತರು, ಇವರೆಲ್ಲರ ದನಿ ಆ ಪುಟಗಳಲ್ಲಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟ್ಟೆಲರ ಪ್ರತಿಮೆಯನ್ನು ನಿಲ್ಲಿಸಿದ್ದೇವೆ, ಸರಿಯಾದ ಕೆಲಸ. ಅವರಿಗೆ ಪಾಠ ಹೇಳಿದವರಿಗೆ ಪ್ರತಿಮೆಯಿಲ್ಲ. ಪರನಾಡಿನಲ್ಲಿ ಮಾಡಿದ ಸಂಶೋಧನೆ ಎಂದೂ ಒಬ್ಬನ ಸ್ವಯಾರ್ಜಿತವಲ್ಲ. ಆ ನಾಡಿನ ಜನ ಅದರಲ್ಲಿ ಪಾಲುಗಾರರು.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ೧೮೯೬ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಆ ವಿಶ್ರಾಂತಿಯ ವಯಸ್ಸಿನಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಹಿಡಿದು ಬರೆದ ಕನ್ನಡ ವ್ಯಾಕರಣ ೧೯೦೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಅವರು ಕಣ್ಮುಚ್ಚಿದರು. ಸುತ್ತಮುತ್ತ ಕನ್ನಡದ ಒಂದು ಮಾತೂ ಕಿವಿಗೆ ಬೀಳದ ಊರಿನಲ್ಲಿ ಮುದುಕರೊಬ್ಬರು ಕೊನೆಯವರೆಗೂ ಕನ್ನಡದ ಕ್ರಿಯಾಪದಗಳನ್ನು ಜೋಡಿಸುತ್ತ ಕುಳಿತಿದ್ದ ಚಿತ್ರ ನನಗೆ ಆಗಾಗ ಕಣ್ಣ ಮುಂದೆ ಬರುತ್ತದೆ. ಇಲ್ಲಿದ್ದಾಗ ಅವರು ಜರ್ಮನ್; ಅಲ್ಲಿಗೆ ಹೋದಾಗ ಕನ್ನಡದವರು. ಎರಡು ನಾಡುಗಳನ್ನು ಸಂಪಾದಿಸಿದವನಿಗೆ ಎರಡರಲ್ಲಿಯೂ ಸ್ವಲ್ಪ ಪರಕೀಯನಾಗಿಯೇ ಉಳಿಯುವುದು ತಪ್ಪದು.

ಇನ್ನು ನನ್ನ ಶಿಷ್ಯನ ಪ್ರಶ್ನೆ. ಹೋಗುವುದು ತಪ್ಪಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ವಿದ್ಯೆ ಗಡಿಯೊಳಗೆ ಕಟ್ಟಿಹಾಕುವ ದನವಲ್ಲ. ಆದರೆ ಹೋದವನು ಏನಾಗುತ್ತಾನೆ ಎಂಬುದು ಅವನು ಅಲ್ಲಿಯ ಬೀದಿಯ ಮಾತಿಗೆ ಎಷ್ಟು ಕಿವಿಗೊಡುತ್ತಾನೆ ಎಂಬುದನ್ನು ಅವಲಂಬಿಸಿದೆ. ಪ್ರಯೋಗಶಾಲೆಯಿಂದ ಕೋಣೆಗೆ, ಕೋಣೆಯಿಂದ ಪ್ರಯೋಗಶಾಲೆಗೆ ಓಡಾಡಿದವನು ಆ ದೇಶದಲ್ಲಿ ಇದ್ದೂ ಇಲ್ಲದವನು. ಕಿಟ್ಟೆಲರು ತಮ್ಮ ದೊರೆಯ ಕೆಲಸವನ್ನು ಮಾತ್ರ ಮಾಡಿದ್ದರೆ ಇಂದು ಅವರ ಹೆಸರು ಮಿಷನ್ನಿನ ದಫ್ತರದಲ್ಲಿ ಒಂದು ಸಾಲಾಗಿ ಉಳಿದಿರುತ್ತಿತ್ತು. ನೆಲೆನಿಂತ ನಾಡಿನ ಕೆಲಸವನ್ನು ತಮ್ಮ ಕೆಲಸವೆಂದುಕೊಂಡದ್ದರಿಂದ ಇಂದಿಗೂ ನಮ್ಮ ಮೇಜಿನ ಮೇಲಿದ್ದಾರೆ.

ನನ್ನ ಮಿತ್ರರಿಗೂ ಒಂದು ಮಾತು ಹೇಳಬೇಕಾಗಿದೆ. ಅವರ ದುಃಖ ಸುಳ್ಳಲ್ಲ. ರೆಸ್ಟರ್‌ಹಾಫೆಯ ಆ ಪಾದ್ರಿ ತಂದೆಯೂ ೧೮೫೩ರಲ್ಲಿ ಹಡಗಿನ ಸುದ್ದಿಗಾಗಿ ಕಾದಿದ್ದಾನು. ಕೊಟ್ಟವರಿಗೆ ನಷ್ಟವಾಗುವುದೇ ಇಲ್ಲವೆಂದು ನಾನು ಹೇಳಲಾರೆ. ಆ ನಷ್ಟದ ಫಲವನ್ನು ಉಂಡವರು ನಾವು ಎಂದು ಮಾತ್ರ ಹೇಳಬಲ್ಲೆ. ನಮ್ಮಲ್ಲಿ ಸಂಶೋಧನೆಗೆ ತಕ್ಕ ಅನುಕೂಲವನ್ನು ಒದಗಿಸದೆ, ಹೋದವರನ್ನು ಮಾತ್ರ ಬಯ್ಯುವುದು ನ್ಯಾಯವೂ ಅಲ್ಲ.

ಮೊನ್ನೆ ಸೋಮವಾರ ಕೊಠಡಿಗೆ ಬರುತ್ತಲೇ ನನ್ನ ಮಿತ್ರರು ಕೊಡೆಯನ್ನು ಮೂಲೆಗಿಟ್ಟು ಮಗನ ಸುದ್ದಿ ಹೇಳಿದರು. ಅವನಿರುವ ಮನೆಯ ಒಡತಿ ಒಬ್ಬ ಮುದುಕಿಯಂತೆ. ಅವನು ಜರ್ಮನ್ ಭಾಷೆಯಲ್ಲಿ ಬಾಯಿ ತೆರೆದರೆ ಸಾಕು, ಪ್ರತಿ ಮಾತನ್ನೂ ತಿದ್ದುತ್ತಾಳಂತೆ. ರೊಟ್ಟಿ ಅಂಗಡಿಗೆ ಕಳುಹಿಸಿ, ಹೆಸರು ಸರಿಯಾಗಿ ಹೇಳಿ ತರದಿದ್ದರೆ ಮತ್ತೊಮ್ಮೆ ಕಳುಹಿಸುತ್ತಾಳಂತೆ. “ಸಂಶೋಧನೆಗೆ ಹೋದವನಿಗೆ ಒಂದನೆಯ ತರಗತಿಯ ಪಾಠ ನೋಡಿ!” ಎಂದು ನಗುತ್ತ ಹೇಳಿದರು. ಬಹಳ ದಿನಗಳ ಮೇಲೆ ಅವರು ನಕ್ಕದ್ದನ್ನು ಕಂಡೆ.

ಹುಡುಗನ ಕೆಲಸ ಸರಿಯಾಗಿಯೇ ಆರಂಭವಾಗಿದೆ ಎಂದು ನಾನು ಹೇಳಿದೆ.